ಕಾನ್ಸಲನ ನಿರಾಕರಣೆಯೂ ನ್ಯಾಯಾಲಯದ ಅಧಿಕಾರವೂ

ಪತ್ನಿ ಒಂದು ರಾಷ್ಟ್ರದ ಪ್ರಜೆ, ಪತಿ ಬೇರೊಂದು ರಾಷ್ಟ್ರದವನು. ಇಬ್ಬರೂ ಪತ್ನಿಯ ನಾಡಿನಲ್ಲಿ ಸಂಸಾರ ಹೂಡಲು ಬಯಸುತ್ತಾರೆ. ಅದಕ್ಕೆ ಅವಶ್ಯವಾದ ವೀಸಾವನ್ನು ಆಕೆಯ ಸರ್ಕಾರದ ಅಧಿಕಾರಿಯೊಬ್ಬನು ನಿರಾಕರಿಸುತ್ತಾನೆ. ಕಾರಣವನ್ನು ಕೇಳಿದರೆ ಶಾಸನದ ಒಂದು ಕಲಮಿನ ಸಂಖ್ಯೆಯನ್ನು ಮಾತ್ರ ಬರೆದು ಕೊಡುತ್ತಾನೆ. ಈ ನಿರಾಕರಣೆ ನ್ಯಾಯವಾದುದೋ ಅಲ್ಲವೋ ಎಂಬುದನ್ನು ಆ ರಾಷ್ಟ್ರದ ನ್ಯಾಯಾಲಯವು ವಿಚಾರಿಸಬಲ್ಲುದೇ? ಅಮೆರಿಕದ ಸಂವಿಧಾನದ ಇತಿಹಾಸವನ್ನು ಪಾಠ ಹೇಳುತ್ತಿದ್ದಾಗ ನಮ್ಮ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪ್ರಸ್ತುತ ಲೇಖಕನನ್ನು ಕೇಳಿದ ಪ್ರಶ್ನೆ ಇದು. ಶಾಸನಸಭೆಯು ಮಾಡಿದ ಕಾನೂನನ್ನೇ ರದ್ದುಗೊಳಿಸಬಲ್ಲ ನ್ಯಾಯಾಲಯವು ಒಬ್ಬ ಸಾಮಾನ್ಯ ಅಧಿಕಾರಿಯ ಒಂದು ಸಾಲಿನ ಆಜ್ಞೆಯನ್ನು ಮುಟ್ಟಲಾರದೆಂದರೆ ಆಕೆಗೆ ನಂಬಿಕೆಯೇ ಬರಲಿಲ್ಲ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಮಟ್ಟಿಗೆ ಉತ್ತರವು ಬಹುಮಟ್ಟಿಗೆ ಅದೇ ಆಗಿದೆ. ಆ ಉತ್ತರವು ಹೇಗೆ ರೂಪುಗೊಂಡಿತೆಂಬುದು ಸುಮಾರು ನೂರ ಮೂವತ್ತೈದು ವರ್ಷಗಳ ಕಥೆ.

ಮೊದಲು ಒಂದು ಪಾರಿಭಾಷಿಕ ವಿಷಯವನ್ನು ಸ್ಪಷ್ಟಪಡಿಸಬೇಕು. ನ್ಯಾಯಿಕ ಪುನರ್ವಿಮರ್ಶೆಯೆಂಬುದು ಅಪೀಲಲ್ಲ. ಅಪೀಲಿನಲ್ಲಿ ಮೇಲಿನ ನ್ಯಾಯಾಧೀಶನು ಕೆಳಗಿನವನ ಸ್ಥಾನದಲ್ಲಿ ಕುಳಿತು ವಿಷಯವನ್ನು ಹೊಸದಾಗಿ ತೂಗಿ ತನ್ನ ನಿರ್ಣಯವನ್ನು ಕೊಡಬಹುದು. ಪುನರ್ವಿಮರ್ಶೆಯಲ್ಲಿ ನ್ಯಾಯಾಲಯವು ಕೇಳುವ ಪ್ರಶ್ನೆಗಳು ಬೇರೆ: ಅಧಿಕಾರಿಗೆ ಈ ಆಜ್ಞೆಯನ್ನು ಮಾಡುವ ಅಧಿಕಾರವಿತ್ತೇ? ಕಾನೂನು ವಿಧಿಸಿದ ಕ್ರಮದಲ್ಲಿ ನಡೆದನೇ? ಬಾಧಿತನಾದವನ ಮಾತನ್ನು ಕೇಳಿದನೇ? ಯಾವ ವಿವೇಕಿಯೂ ಮಾಡದಂತಹ ತೀರ್ಮಾನವನ್ನು ಮಾಡಿದನೇ? ಇವುಗಳಲ್ಲಿ ಯಾವುದಾದರೂ ದೋಷ ಕಂಡುಬಂದಲ್ಲಿ ನ್ಯಾಯಾಲಯವು ಆಜ್ಞೆಯನ್ನು ರದ್ದುಪಡಿಸಿ, ಮತ್ತೆ ಯೋಚಿಸು ಎಂದು ಅದೇ ಅಧಿಕಾರಿಗೆ ಹಿಂದಿರುಗಿಸುತ್ತದೆ. ತಾನೇ ವೀಸಾವನ್ನು ಕೊಡುವುದಿಲ್ಲ. ಪುನರ್ವಿಮರ್ಶೆಗೆ ಅವಕಾಶ ಕೊಟ್ಟರೆ ರಾಷ್ಟ್ರದ ಗಡಿಯನ್ನು ನ್ಯಾಯಾಧೀಶರ ಕೈಗೆ ಒಪ್ಪಿಸಿದಂತಾಗುತ್ತದೆ ಎಂಬ ವಾದವನ್ನು ತೂಗುವಾಗ ಈ ಭೇದವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕಥೆಯ ಆರಂಭ ೧೮೮೯ರಲ್ಲಿ. ಚೇ ಚಾನ್ ಪಿಂಗ್ ಎಂಬ ಚೀನೀ ಕೂಲಿಕಾರನು ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಹನ್ನೆರಡು ವರ್ಷ ಬಾಳಿ, ೧೮೮೭ರಲ್ಲಿ ಸ್ವದೇಶಕ್ಕೆ ಹೋಗಿಬರಲು ಹೊರಟನು. ಮರಳಿ ಬರುವ ಹಕ್ಕನ್ನು ಖಚಿತಪಡಿಸುವ ಸರ್ಕಾರಿ ಪತ್ರ ಅವನ ಬಳಿ ಇತ್ತು. ಅವನು ಹಿಂದಿರುಗುತ್ತ ಸಮುದ್ರದ ಮೇಲಿದ್ದಾಗಲೇ, ೧೮೮೮ರ ಅಕ್ಟೋಬರ್ ೧ರಂದು, ಅಂತಹ ಪತ್ರಗಳೆಲ್ಲ ಅಸಿಂಧುವೆಂಬ ಶಾಸನ ಜಾರಿಗೆ ಬಂದಿತು. ಹಡಗು ಬಂದರನ್ನು ಮುಟ್ಟುವ ವೇಳೆಗೆ ಅವನ ಕೈಯಲ್ಲಿದ್ದುದು ಬರಿಯ ಕಾಗದ. ಪರದೇಶೀಯರನ್ನು ಹೊರಗಿಡುವ ಶಕ್ತಿ ಸಾರ್ವಭೌಮತ್ವದ ಅವಿಭಾಜ್ಯ ಅಂಗವೆಂದೂ, ಅದನ್ನು ಶಾಸಕಾಂಗವು ಪ್ರಯೋಗಿಸಿದಾಗ ನ್ಯಾಯಾಂಗವು ತಲೆಹಾಕತಕ್ಕದ್ದಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು ೧೮೮೯ರಲ್ಲಿ ಸಾರಿತು. ಈ ತತ್ತ್ವಕ್ಕೆ ಪೂರ್ಣಶಕ್ತಿ ಸಿದ್ಧಾಂತವೆಂದು ಹೆಸರಾಯಿತು. ಸಂವಿಧಾನದಲ್ಲಿ ಇದನ್ನು ಹೇಳುವ ವಾಕ್ಯ ಎಲ್ಲಿಯೂ ಇಲ್ಲವೆಂಬುದು ಗಮನಾರ್ಹ.

ಈ ಸಿದ್ಧಾಂತವು ಕುಟುಂಬದ ಮೇಲೆ ಬಿದ್ದದ್ದು ಮೂರು ವರ್ಷಗಳ ಅನಂತರ. ನಿಶಿಮುರಾ ಎಕಿಯು ಎಂಬ ೨೫ ವರ್ಷದ ಜಪಾನೀ ಸ್ತ್ರೀ ೧೮೯೧ರ ಮೇ ತಿಂಗಳಲ್ಲಿ ಸಾನ್‌ಫ್ರಾನ್ಸಿಸ್ಕೋಗೆ ಬಂದಿಳಿದಳು. ಮದುವೆಯಾಗಿ ಎರಡು ವರ್ಷವಾಯಿತೆಂದೂ, ಪತಿಯು ಒಂದು ವರ್ಷದಿಂದ ಇದೇ ದೇಶದಲ್ಲಿದ್ದಾನೆಂದೂ, ಅವನು ಬಂದು ಕರೆದೊಯ್ಯುವವರೆಗೆ ಹೋಟಲಿನಲ್ಲಿರುವೆನೆಂದೂ ಆಕೆ ಹೇಳಿಕೊಂಡಳು. ಪತಿಯ ವಿಳಾಸ ಆಕೆಗೆ ತಿಳಿದಿರಲಿಲ್ಲ. ಕೈಯಲ್ಲಿದ್ದುದು ೨೨ ಡಾಲರು. ಸಾರ್ವಜನಿಕರಿಗೆ ಹೊರೆಯಾಗಬಹುದಾದವಳೆಂದು ಅಧಿಕಾರಿಯು ಆಕೆಯನ್ನು ತಡೆದನು. ಆಕೆ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಹಾಕಿದಳು. ಶಾಸನವು ಯಾವ ಅಧಿಕಾರಿಗೆ ಸತ್ಯಾಸತ್ಯಗಳ ನಿರ್ಣಯವನ್ನು ವಹಿಸಿದೆಯೋ ಆತನ ನಿರ್ಣಯವೇ ಅಂತಿಮ, ದೇಶದೊಳಗೆ ಇನ್ನೂ ಕಾಲಿಡದ ಪರದೇಶೀಯಳಿಗೆ ಆ ನಿರ್ಣಯವೇ ನ್ಯಾಯೋಚಿತ ಕ್ರಮ ಎಂದು ೧೮೯೨ರಲ್ಲಿ ನ್ಯಾಯಮೂರ್ತಿ ಗ್ರೇ ಬರೆದರು. ಆಕೆಗೆ ಪತಿಯೊಬ್ಬನು ನಿಜವಾಗಿಯೂ ಇದ್ದನೋ ಇಲ್ಲವೋ ಎಂಬುದನ್ನು ವಿಚಾರಿಸುವ ಆವಶ್ಯಕತೆಯೇ ನ್ಯಾಯಾಲಯಕ್ಕೆ ಬೀಳಲಿಲ್ಲ.

ಚೀನೀಯರನ್ನು ಬಹಿಷ್ಕರಿಸಿದ ಶಾಸನಗಳ ಕಾಲದಲ್ಲಿ ಪತ್ನಿಯರ ಪಾಡು ವಿಚಿತ್ರವಾದುದು. ಚೀನೀ ವರ್ತಕರಿಗೆ ಒಡಂಬಡಿಕೆಯ ರಕ್ಷಣೆಯಿದ್ದುದರಿಂದ ಅವರ ಪತ್ನಿಯರೂ ಎಳೆಯ ಮಕ್ಕಳೂ ಪ್ರತ್ಯೇಕ ಪ್ರಮಾಣಪತ್ರವಿಲ್ಲದೆ ಒಳಬರಬಹುದೆಂದು ೧೯೦೦ರಲ್ಲಿ ತೀರ್ಪಾಯಿತು. ಆಮೇಲೆ ೧೯೨೪ರ ವಲಸೆ ಶಾಸನ ಬಂದಿತು. ಪೌರತ್ವಕ್ಕೆ ಅನರ್ಹವಾದ ಜನಾಂಗದವರಿಗೆ ವಲಸೆಗಾರರಾಗಿ ಪ್ರವೇಶವಿಲ್ಲವೆಂದು ಅದು ವಿಧಿಸಿತು. (ಹಿಂದೂದೇಶದವರು ಶ್ವೇತವರ್ಣೀಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂಬ ತೀರ್ಪು ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ೧೯೨೩ರಲ್ಲಿಯೇ ಹೊರಬಿದ್ದಿತ್ತಾದ್ದರಿಂದ ನಮ್ಮವರೂ ಈ ಸಾಲಿಗೆ ಸೇರಿದರು; ನಮಗೆ ವರ್ಷಕ್ಕೆ ನೂರು ಮಂದಿಯ ಪ್ರಮಾಣದಲ್ಲಿ ಬಾಗಿಲು ತೆರೆದುದು ೧೯೪೬ರಲ್ಲಿ.) ೧೯೨೫ರ ಮೇ ೨೫ರಂದು ಸರ್ವೋಚ್ಚ ನ್ಯಾಯಾಲಯವು ಎರಡು ತೀರ್ಪುಗಳನ್ನು ಒಂದೇ ದಿನ ಕೊಟ್ಟಿತು. ಒಂದರ ಪ್ರಕಾರ, ಅಮೆರಿಕದಲ್ಲಿ ವಾಸಿಸುವ ಚೀನೀ ವರ್ತಕನು ತನ್ನ ಹೆಂಡತಿಯನ್ನು ಕರೆಸಿಕೊಳ್ಳಬಹುದು. ಇನ್ನೊಂದರ ಪ್ರಕಾರ, ಅಮೆರಿಕದ ಪ್ರಜೆಯೇ ಆದ ಚೀನೀ ಮೂಲದವನು ತನ್ನ ಹೆಂಡತಿಯನ್ನು ಕರೆಸಿಕೊಳ್ಳುವಂತಿಲ್ಲ! ಪರದೇಶೀಯನಾಗಿದ್ದರೆ ಸಂಸಾರ ಉಂಟು, ಪ್ರಜೆಯಾದರೆ ಇಲ್ಲ. ಶಾಸನದ ಪದಗಳು ಹಾಗಿವೆ, ಕಷ್ಟಕ್ಕೆ ಕರಗಿ ಪದಗಳ ಅರ್ಥವನ್ನು ಬದಲಿಸಲಾಗದು ಎಂಬುದು ನ್ಯಾಯಾಲಯದ ನಿಲುವು. ೧೯೨೪ರ ಶಾಸನಕ್ಕೆ ಮುಂಚೆ ಮದುವೆಯಾದವರ ಮಟ್ಟಿಗೆ ಕಾಂಗ್ರೆಸ್ಸು ೧೯೩೦ರಲ್ಲಿ ಈ ದೋಷವನ್ನು ತಿದ್ದಿತು.

ಅದೇ ೧೯೨೪ರ ಶಾಸನ ಇನ್ನೊಂದು ಬದಲಾವಣೆಯನ್ನೂ ತಂದಿತು. ಅದುವರೆಗೆ ವಲಸೆಗಾರನ ಪರೀಕ್ಷೆ ನಡೆಯುತ್ತಿದ್ದುದು ಮುಖ್ಯವಾಗಿ ಬಂದರಿನಲ್ಲಿ. ಆ ಬಳಿಕ ಹೊರಡುವ ಮೊದಲೇ ತನ್ನ ದೇಶದಲ್ಲಿರುವ ಅಮೆರಿಕದ ಕಾನ್ಸಲನಿಂದ ವೀಸಾ ಪಡೆಯುವುದು ಕಡ್ಡಾಯವಾಯಿತು. ಬಂದರಿಗೆ ಬಂದವನನ್ನು ತಡೆದರೆ ಅವನ ದೇಹವಾದರೂ ಅಮೆರಿಕದ ಅಧಿಕಾರಿಯ ವಶದಲ್ಲಿರುತ್ತದೆ. ಹೇಬಿಯಸ್ ಕಾರ್ಪಸ್ ಆಜ್ಞೆಗೆ ಹಿಡಿದುಕೊಳ್ಳಲು ಒಂದು ಆಧಾರವುಂಟು. ಬರ್ಲಿನ್ನಿನಲ್ಲೋ ಕ್ಯಾಂಟನ್ನಿನಲ್ಲೋ ಮನೆಯಲ್ಲಿಯೇ ಕುಳಿತಿರುವವನಿಗೆ ಆ ಆಧಾರವೂ ಇಲ್ಲ. ಗಡಿಯೇ ಸಮುದ್ರವನ್ನು ದಾಟಿ ಕಾನ್ಸಲನ ಮೇಜಿನ ಬಳಿಗೆ ಹೋಯಿತು, ನ್ಯಾಯಾಲಯವು ಇದ್ದಲ್ಲಿಯೇ ಉಳಿಯಿತು. ೧೯೨೯ರ ಉಲ್‌ರಿಚ್ ಮೊಕದ್ದಮೆಯಲ್ಲಿ ಅಮೆರಿಕದ ಪ್ರಜೆಯೊಬ್ಬನು ತನ್ನ ಜರ್ಮನ್ ಪತ್ನಿಗೆ ವೀಸಾ ಕೊಡುವಂತೆ ವಿದೇಶಾಂಗ ಕಾರ್ಯದರ್ಶಿ ಕೆಲಾಗ್ ಅವರಿಗೆ ಮ್ಯಾಂಡಮಸ್ ಆಜ್ಞೆಯನ್ನು ಹೊರಡಿಸಬೇಕೆಂದು ವಾಷಿಂಗ್ಟನ್ನಿನ ನ್ಯಾಯಾಲಯವನ್ನು ಬೇಡಿದನು. ಹಿಂದೆ ಕಳವಿಗಾಗಿ ಶಿಕ್ಷೆಯಾಗಿತ್ತೆಂಬ ಕಾರಣದಿಂದ ಆಕೆಯನ್ನು ತಡೆಯಲಾಗಿತ್ತು. ಕಾನ್ಸಲನ ತೀರ್ಮಾನವನ್ನು ಕಾರ್ಯದರ್ಶಿಯಾಗಲಿ ನ್ಯಾಯಾಲಯವಾಗಲಿ ಬದಲಿಸುವ ಅವಕಾಶ ಶಾಸನದಲ್ಲಿಲ್ಲವೆಂದು ಅರ್ಜಿ ವಜಾ ಆಯಿತು. ೧೯೫೨ರ ವಲಸೆ ಮತ್ತು ರಾಷ್ಟ್ರೀಯತಾ ಶಾಸನವು ಇದನ್ನು ಸ್ಪಷ್ಟ ಪದಗಳಲ್ಲಿಯೇ ಹೇಳಿತು: ವಿದೇಶಾಂಗ ಕಾರ್ಯದರ್ಶಿಗೆ ವಲಸೆ ಆಡಳಿತದಲ್ಲಿ ಎಲ್ಲ ಅಧಿಕಾರವುಂಟು, ಆದರೆ ವೀಸಾ ಕೊಡುವ ಅಥವಾ ನಿರಾಕರಿಸುವ ಕಾನ್ಸಲನ ಅಧಿಕಾರವೊಂದನ್ನು ಬಿಟ್ಟು. ಒಬ್ಬ ಕಿರಿಯ ಅಧಿಕಾರಿಯ ತೀರ್ಮಾನವನ್ನು ಅವನ ಮೇಲಿನ ಸಚಿವನೇ ಬದಲಿಸಲಾಗದಂತಹ ಏರ್ಪಾಡು ಆಡಳಿತದ ಇತಿಹಾಸದಲ್ಲಿ ವಿರಳವೆಂದೇ ಹೇಳಬೇಕು.

ಈ ಸಿದ್ಧಾಂತದ ಪರಿಣಾಮವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ೧೯೫೦ರ ನಾಫ್ ಮೊಕದ್ದಮೆ. ಎಲೆನ್ ನಾಫ್ ಜರ್ಮನಿಯಲ್ಲಿ ಹುಟ್ಟಿದವರು. ಹಿಟ್ಲರನ ಆಳ್ವಿಕೆಯ ಕಾಲದಲ್ಲಿ ಚೆಕೊಸ್ಲೊವಾಕಿಯಕ್ಕೂ ಅಲ್ಲಿಂದ ಇಂಗ್ಲೆಂಡಿಗೂ ನಿರಾಶ್ರಿತರಾಗಿ ಹೋದವರು. ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿಯೂ, ಅನಂತರ ಜರ್ಮನಿಯಲ್ಲಿ ಅಮೆರಿಕದ ಯುದ್ಧ ಇಲಾಖೆಯಲ್ಲಿಯೂ ಪ್ರಶಂಸಾರ್ಹವಾಗಿ ಕೆಲಸ ಮಾಡಿದ್ದರು. ೧೯೪೮ರ ಫೆಬ್ರವರಿಯಲ್ಲಿ, ಸೇನಾಧಿಕಾರಿಗಳ ಅನುಮತಿಯನ್ನು ಪಡೆದು, ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಅಮೆರಿಕದ ಪ್ರಜೆಯೊಬ್ಬರನ್ನು ಮದುವೆಯಾದರು. ಯೋಧರ ಪತ್ನಿಯರಿಗೆ ಪ್ರವೇಶವನ್ನು ಸುಲಭಗೊಳಿಸಲೆಂದೇ ೧೯೪೫ರ ಡಿಸೆಂಬರ್ ೨೮ರಂದು ಕಾಂಗ್ರೆಸ್ಸು ಒಂದು ವಿಶೇಷ ಶಾಸನವನ್ನು ಮಾಡಿತ್ತು. ಆ ಭರವಸೆಯಿಂದ ೧೯೪೮ರ ಆಗಸ್ಟಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಆಕೆಯನ್ನು ಎಲ್ಲಿಸ್ ದ್ವೀಪದಲ್ಲಿ ಬಂಧನದಲ್ಲಿಟ್ಟರು. ಪ್ರವೇಶವು ದೇಶದ ಹಿತಕ್ಕೆ ಬಾಧಕ, ಆಧಾರವು ಗುಪ್ತ, ಆದುದರಿಂದ ವಿಚಾರಣೆಯಿಲ್ಲ ಎಂದು ಅಟಾರ್ನಿ ಜನರಲ್ ಅವರ ಆಜ್ಞೆಯಾಯಿತು. ಏನು ಆಪಾದನೆಯೆಂಬುದನ್ನು ಆಕೆಗಾಗಲಿ ಪತಿಗಾಗಲಿ ಯಾರೂ ಹೇಳಲಿಲ್ಲ.

೧೯೫೦ರ ಜನವರಿ ೧೬ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ಕಕ್ಕೆ ಮೂರರ ಬಹುಮತದಿಂದ ಸರ್ಕಾರದ ಪಕ್ಷವನ್ನು ಹಿಡಿಯಿತು. ಇಬ್ಬರು ನ್ಯಾಯಮೂರ್ತಿಗಳು ವಿಚಾರಣೆಯಲ್ಲಿ ಭಾಗವಹಿಸಲಿಲ್ಲ. ಪ್ರವೇಶ ನಿರಾಕರಿಸಲ್ಪಟ್ಟ ಪರದೇಶೀಯರ ವಿಷಯದಲ್ಲಿ ಕಾಂಗ್ರೆಸ್ಸು ಯಾವ ಕ್ರಮವನ್ನು ವಿಧಿಸಿದೆಯೋ ಅದೇ ನ್ಯಾಯೋಚಿತ ಕ್ರಮವೆಂಬುದು ನ್ಯಾಯಮೂರ್ತಿ ಮಿಂಟನ್ ಅವರ ತೀರ್ಪಿನ ತಿರುಳು. ೧೮೯೨ರ ತತ್ತ್ವವೇ ಇಲ್ಲಿ ಇನ್ನೂ ಗಡಸಾದ ರೂಪದಲ್ಲಿ ಮರುಕಳಿಸಿದೆ. ಭಿನ್ನಮತವನ್ನು ಬರೆದವರಲ್ಲಿ ಒಬ್ಬರು ರಾಬರ್ಟ್ ಜಾಕ್ಸನ್. ನ್ಯೂರೆಂಬರ್ಗಿನಲ್ಲಿ ನಾಜೀ ನಾಯಕರ ಮೇಲೆ ಅಮೆರಿಕದ ಪರವಾಗಿ ಆಪಾದನೆಯನ್ನು ಮಂಡಿಸಿ ಬಂದವರು. ಒಬ್ಬ ಪ್ರಜೆಯ ಸಂಸಾರವನ್ನು ವಿಚಾರಣೆಯಿಲ್ಲದೆ ಒಡೆಯುವ ಉದ್ದೇಶ ಕಾಂಗ್ರೆಸ್ಸಿಗೆ ಇದ್ದಲ್ಲಿ ಅದನ್ನು ಅದು ಸಂದೇಹಕ್ಕೆಡೆಯಿಲ್ಲದ ಮಾತುಗಳಲ್ಲಿ ಹೇಳಬೇಕು, ನ್ಯಾಯಾಲಯವು ಅದನ್ನು ಊಹಿಸಿಕೊಳ್ಳಬಾರದು ಎಂಬುದು ಅವರ ವಾದ. ರಹಸ್ಯವಾದ ಆಧಾರವು ಸರ್ಕಾರವನ್ನು ರಕ್ಷಿಸುವಂತೆ ದ್ವೇಷಿಗಳನ್ನೂ ಚಾಡಿಕೋರರನ್ನೂ ರಕ್ಷಿಸುತ್ತದೆಂಬ ಅವರ ಎಚ್ಚರಿಕೆ ಮುಂದೆ ಅಕ್ಷರಶಃ ನಿಜವಾಯಿತು.

ಈ ಪ್ರಸಂಗದಲ್ಲಿ ನಾವು ಸಾಮಾನ್ಯವಾಗಿ ಕಾಣದ ಉತ್ತರಾರ್ಧವೊಂದಿದೆ. ತೀರ್ಪು ಬಂದ ಮೇಲೆ ಪತ್ರಿಕೆಗಳು ವಿಷಯವನ್ನು ಎತ್ತಿಕೊಂಡವು; ಕಾಂಗ್ರೆಸ್ಸಿನಲ್ಲಿ ಆಕೆಯ ಪರವಾಗಿ ವಿಶೇಷ ಮಸೂದೆಗಳು ಬಂದವು; ಹಿಂದಕ್ಕೆ ಕಳುಹಿಸಲು ಸಿದ್ಧತೆ ನಡೆದಿದ್ದಾಗ ನ್ಯಾಯಮೂರ್ತಿ ಜಾಕ್ಸನ್ನರೇ ತಡೆಯಾಜ್ಞೆಯನ್ನು ಕೊಟ್ಟರು. ಒತ್ತಡಕ್ಕೆ ಮಣಿದ ಸರ್ಕಾರ ೧೯೫೧ರ ಮಾರ್ಚಿನಲ್ಲಿ ಬಹಿರಂಗ ವಿಚಾರಣೆಯನ್ನು ನಡೆಸಿತು. ಆಗ ಹೊರಬಿದ್ದ ಆಪಾದನೆ, ಆಕೆ ಚೆಕ್ ಸರ್ಕಾರಕ್ಕೆ ರಹಸ್ಯಗಳನ್ನು ಒದಗಿಸುತ್ತಿದ್ದಳೆಂಬುದು. ಅದಕ್ಕೆ ಆಧಾರ ಬಹುತೇಕ ಕೇಳಿಕೆಯ ಮಾತು. ಸಾಕ್ಷ್ಯ ಹೇಳಿದವರಲ್ಲಿ ಒಬ್ಬಳು, ಪತಿಯು ಈಕೆಯನ್ನು ಮದುವೆಯಾಗುವುದಕ್ಕೆ ಮುಂಚೆ ಅವನ ಸ್ನೇಹದಲ್ಲಿದ್ದವಳು. ವಿಚಾರಣಾ ಮಂಡಲಿಯು ಆದರೂ ಪ್ರವೇಶವನ್ನು ನಿರಾಕರಿಸಿತು. ೧೯೫೧ರ ಆಗಸ್ಟಿನಲ್ಲಿ ಮೇಲ್ಮನವಿಯ ಮಂಡಲಿಯು ಅದನ್ನು ತಳ್ಳಿಹಾಕಿತು. ನವೆಂಬರಿನಲ್ಲಿ ಎಲೆನ್ ನಾಫ್ ಅಮೆರಿಕದ ನೆಲವನ್ನು ಸ್ವತಂತ್ರರಾಗಿ ಮೆಟ್ಟಿದರು. ನ್ಯಾಯಾಲಯದ ದೃಷ್ಟಿಯಲ್ಲಿ ನಿಷ್ಪ್ರಯೋಜಕವಾಗಿದ್ದ ವಿಚಾರಣೆಯೇ ಆಕೆಯನ್ನು ಬಿಡಿಸಿತು. ಆದರೆ ೧೯೫೦ರ ತೀರ್ಪು ಹಾಗೆಯೇ ಉಳಿಯಿತು. ಪೂರ್ವನಿದರ್ಶನವಾಗಿ ಮುಂದಿನ ಮೊಕದ್ದಮೆಗಳಲ್ಲಿ ಉದಾಹೃತವಾದುದು ತೀರ್ಪೇ ಹೊರತು ಅದರ ಅನಂತರ ತಿಳಿದುಬಂದ ಸಂಗತಿಗಳಲ್ಲ. ಕಾನೂನಿನ ವರದಿಗಳನ್ನು ಇತಿಹಾಸದ ಆಕರಗಳಾಗಿ ಓದುವ ವಿದ್ಯಾರ್ಥಿಗಳು ಈ ಒಂದು ದೋಷವನ್ನು ಸದಾ ಗಮನಿಸಬೇಕು: ಕಥೆ ಎಲ್ಲಿ ಮುಗಿಯುತ್ತದೆಯೋ ವರದಿ ಅಲ್ಲಿಯವರೆಗೆ ಹೋಗುವುದಿಲ್ಲ.

೧೯೬೫ರ ಶಾಸನವು ಜನಾಂಗಾನುಗುಣವಾದ ಪ್ರಮಾಣಪದ್ಧತಿಯನ್ನು ತೊಡೆದುಹಾಕಿ, ಪ್ರಜೆಗಳ ಪತಿ, ಪತ್ನಿ, ಎಳೆಯ ಮಕ್ಕಳು ಮತ್ತು ತಂದೆತಾಯಿಗಳನ್ನು ಸಂಖ್ಯಾಮಿತಿಯಿಂದ ಹೊರಗಿಟ್ಟಿತು. ಕರ್ನಾಟಕದಿಂದ ಅಲ್ಲಿಗೆ ಹೋಗಿ ನೆಲಸಿದ ಕುಟುಂಬಗಳ ಇತಿಹಾಸ ಬಹುಪಾಲು ಈ ಶಾಸನದಿಂದ ಈಚಿನದು. ಪ್ರಜೆಯು ಮೊದಲು ಸಂಬಂಧವನ್ನು ಸ್ಥಾಪಿಸುವ ಅರ್ಜಿಯನ್ನು ಅಮೆರಿಕದಲ್ಲಿಯೇ ಸಲ್ಲಿಸಬೇಕು. ಅದು ಅಂಗೀಕೃತವಾದ ಮೇಲೆ ಕಾನ್ಸಲನ ಮುಂದೆ ಸಂದರ್ಶನ. ಮೊದಲನೆಯ ಹಂತದ ನಿರಾಕರಣೆಯನ್ನು ನ್ಯಾಯಾಲಯಕ್ಕೆ ಒಯ್ಯಬಹುದು; ಎರಡನೆಯದನ್ನು ಒಯ್ಯಲಾಗದು. ಹೀಗೆ ಮದುವೆಯು ನಿಜವಾದುದೆಂದು ಸರ್ಕಾರವೇ ಒಪ್ಪಿಕೊಂಡ ಬಳಿಕ ನ್ಯಾಯದ ಬಾಗಿಲು ಮುಚ್ಚುತ್ತದೆ.

ಆ ಬಾಗಿಲಿನಲ್ಲಿ ಒಂದು ಸಣ್ಣ ಸಂದು ೧೯೭೨ರಲ್ಲಿ ಕಾಣಿಸಿತು. ಬೆಲ್ಜಿಯಂ ದೇಶದ ಮಾರ್ಕ್ಸ್‌ವಾದಿ ವಿದ್ವಾಂಸ ಅರ್ನೆಸ್ಟ್ ಮಾಂಡೆಲ್ ಅವರನ್ನು ಉಪನ್ಯಾಸಕ್ಕೆ ಕರೆದಿದ್ದ ಪ್ರಾಧ್ಯಾಪಕರು, ಅವರ ಮಾತನ್ನು ಕೇಳುವ ಹಕ್ಕು ತಮಗಿದೆಯೆಂದು ವಾದಿಸಿದರು. ನ್ಯಾಯಾಲಯ ಅವರಿಗೆ ಜಯವನ್ನು ಕೊಡಲಿಲ್ಲ. ಆದರೆ ಪ್ರಜೆಯೊಬ್ಬನ ಸಾಂವಿಧಾನಿಕ ಹಕ್ಕಿಗೆ ತೊಡಕಾದಾಗ ಸರ್ಕಾರವು ಮೇಲ್ನೋಟಕ್ಕೆ ನ್ಯಾಯಬದ್ಧವೂ ಪ್ರಾಮಾಣಿಕವೂ ಆದ ಕಾರಣವೊಂದನ್ನು ಕೊಡಬೇಕು, ಕೊಟ್ಟರೆ ಅದರ ಹಿಂದೆ ನೋಡುವುದಿಲ್ಲ ಎಂದಿತು. ಈ ವಾಕ್ಯವನ್ನು ವಲಸೆ ವಕೀಲರು ಹಿಡಿದುಕೊಂಡರು. ಹೊರಗಿರುವ ಪರದೇಶೀಯನಿಗೆ ಹಕ್ಕಿಲ್ಲದಿದ್ದರೇನು, ಒಳಗಿರುವ ಪ್ರಜೆಯಾದ ಪತ್ನಿಗೆ ಉಂಟಲ್ಲ! ವಾದದ ನೆಲೆ ಹೀಗೆ ಗಡಿಯ ಹೊರಗಿನಿಂದ ಒಳಕ್ಕೆ ಸರಿಯಿತು.

೨೦೧೫ರ ಡಿನ್ ಮೊಕದ್ದಮೆಯಲ್ಲಿ ಈ ವಾದದ ಪರೀಕ್ಷೆಯಾಯಿತು. ವಾದಿಯು ಆಫ್ಘಾನಿಸ್ತಾನದಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದವರು. ಪತಿಯು ತಾಲಿಬಾನ್ ಆಳ್ವಿಕೆಯಿದ್ದ ಕಾಲದಲ್ಲಿಯೂ ಆಫ್ಘನ್ ಸರ್ಕಾರದಲ್ಲಿ ಗುಮಾಸ್ತರಾಗಿದ್ದವರು. ೨೦೦೯ರಲ್ಲಿ ವೀಸಾ ನಿರಾಕರಣೆಯಾಯಿತು. ಭಯೋತ್ಪಾದನೆಗೆ ಸಂಬಂಧಿಸಿದ, ಹಲವು ಉಪವಿಧಿಗಳುಳ್ಳ ಉದ್ದವಾದ ಕಲಮೊಂದನ್ನು ಉಲ್ಲೇಖಿಸಿದ್ದೇ ಕಾರಣ. ಗುಮಾಸ್ತಿಕೆಯೇ ಅಪರಾಧವಾಯಿತೋ, ಹೆಸರಿನ ಸಾಮ್ಯದಿಂದಾದ ತಪ್ಪೋ, ತಿಳಿಯುವ ಉಪಾಯವಿಲ್ಲ. ಜೂನ್ ೧೫ರಂದು ಐವರು ನ್ಯಾಯಮೂರ್ತಿಗಳು ಸರ್ಕಾರದ ಪರವಾಗಿ ನಿಂತರೂ ಒಂದೇ ಕಾರಣವನ್ನು ಹೇಳಲಿಲ್ಲ. ಮೂವರು, ಸಂಗಾತಿಯನ್ನು ದೇಶಕ್ಕೆ ಕರೆತರುವ ಹಕ್ಕೇ ಪ್ರಜೆಗೆ ಇಲ್ಲವೆಂದರು. ಇಬ್ಬರು, ಹಕ್ಕಿದ್ದರೂ ಕಲಮಿನ ಉಲ್ಲೇಖವೇ ಸಾಕಾದ ಕಾರಣವೆಂದರು. ಇದಾದ ಹನ್ನೊಂದೇ ದಿನಗಳಲ್ಲಿ ಅದೇ ನ್ಯಾಯಾಲಯವು, ವಿವಾಹವು ಸ್ವಾತಂತ್ರ್ಯದ ಮೂಲಭೂತ ಅಂಗವೆಂಬ ಆಧಾರದ ಮೇಲೆ, ಒಂದೇ ಲಿಂಗದವರ ವಿವಾಹವನ್ನು ಮಾನ್ಯಮಾಡಿತು. ಎರಡು ತೀರ್ಪುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದುವವನಿಗೆ, ಮದುವೆಯಾಗುವ ಹಕ್ಕಿಗೂ ಕೂಡಿ ಬಾಳುವ ಹಕ್ಕಿಗೂ ನಡುವೆ ಎಷ್ಟು ಅಂತರವೆಂಬುದು ತಿಳಿಯುತ್ತದೆ.

ಡಿನ್ ತೀರ್ಪಿನಲ್ಲಿ ತೆರೆದಿದ್ದ ಪ್ರಶ್ನೆ ೨೦೨೪ರ ಜೂನ್ ೨೧ರಂದು ಮೂನ್ಯೋಸ್ ಮೊಕದ್ದಮೆಯಲ್ಲಿ ಮುಚ್ಚಿಹೋಯಿತು. ವಾದಿಯು ಲಾಸ್ ಏಂಜಲಿಸಿನ ವಕೀಲೆ. ೨೦೧೦ರಲ್ಲಿ ಎಲ್ ಸಾಲ್ವಡಾರಿನವರನ್ನು ಮದುವೆಯಾದವರು. ಪತಿಯು ವೀಸಾಕ್ಕಾಗಿ ೨೦೧೫ರಲ್ಲಿ ತಮ್ಮ ದೇಶದ ಕಾನ್ಸಲನ ಬಳಿಗೆ ಹೋಗಬೇಕಾಯಿತು, ಹಿಂದಿರುಗಲಾಗಲಿಲ್ಲ. ಮೊದಲು ಕೊಟ್ಟ ಕಾರಣ, ಕಾನೂನುಬಾಹಿರ ಕಾರ್ಯದಲ್ಲಿ ತೊಡಗುವ ಸಂಭವವಿದೆಯೆಂಬ ಕಲಮು ಮಾತ್ರ. ಮೊಕದ್ದಮೆ ನಡೆಯುತ್ತಿರುವಾಗ, ಒಂದು ದುಷ್ಕರ್ಮಿಗಳ ತಂಡಕ್ಕೆ ಸೇರಿದವರೆಂಬ ಶಂಕೆಯೇ ಕಾರಣವೆಂದು ಸರ್ಕಾರ ತಿಳಿಸಿತು. ಮೈಮೇಲಿನ ಹಚ್ಚೆಗಳಿಂದ ಈ ಶಂಕೆ ಹುಟ್ಟಿರಬೇಕೆಂದು ದಂಪತಿಗಳು ಊಹಿಸಿ, ಅವು ತಂಡದ ಗುರುತುಗಳಲ್ಲವೆಂದು ತಜ್ಞರ ಹೇಳಿಕೆಯನ್ನೂ ಒದಗಿಸಿದ್ದರು. ಕೆಳಗಿನ ಅಪೀಲು ನ್ಯಾಯಾಲಯವು ವಾದಿಯ ಪರವಾಗಿತ್ತು. ಸರ್ವೋಚ್ಚ ನ್ಯಾಯಾಲಯದ ಬಹುಮತದ ತೀರ್ಪನ್ನು ನ್ಯಾಯಮೂರ್ತಿ ಬ್ಯಾರೆಟ್ ಬರೆದರು: ಪರದೇಶೀಯ ಸಂಗಾತಿಯನ್ನು ಒಳಗೆ ಕರೆತರುವ ಹಕ್ಕು ಈ ರಾಷ್ಟ್ರದ ಇತಿಹಾಸದಲ್ಲಿಯೂ ಸಂಪ್ರದಾಯದಲ್ಲಿಯೂ ಬೇರೂರಿದುದಲ್ಲ, ಆದ್ದರಿಂದ ಅದು ಸಾಂವಿಧಾನಿಕ ಹಕ್ಕಲ್ಲ. ನ್ಯಾಯಮೂರ್ತಿ ಗೋರ್ಸಚ್ ಅವರು ಫಲಿತಾಂಶವನ್ನು ಮಾತ್ರ ಒಪ್ಪಿದರು. ಕೇಳಿದ ಕಾರಣ ಈಗ ದೊರೆತಿದೆಯಷ್ಟೆ, ದೊಡ್ಡ ಪ್ರಶ್ನೆಯನ್ನು ಎತ್ತುವುದು ಅನಗತ್ಯವೆಂಬುದು ಅವರ ಮತ. ಮೂವರ ಭಿನ್ನಮತವನ್ನು ನ್ಯಾಯಮೂರ್ತಿ ಸೊಟೊಮಯೋರ್ ಬರೆದರು.

ಇತಿಹಾಸದ ಅಧ್ಯಾಪಕನಾದವನು ಇಲ್ಲಿ ಸುಮ್ಮನಿರಲಾಗದು. ಇತಿಹಾಸದಲ್ಲಿ ಬೇರೂರಿದೆಯೇ ಎಂದು ಕೇಳಿದಾಗ ಉತ್ತರಕ್ಕಾಗಿ ತೆರೆಯುವ ಪುಟಗಳು ಯಾವುವು? ೧೯ನೆಯ ಶತಮಾನದ ಅಂತ್ಯದಿಂದ ಈಚಿನ ವಲಸೆ ಶಾಸನಗಳು, ನಾಫ್ ಮೊಕದ್ದಮೆ. ಚೀನೀ ಸ್ತ್ರೀಯರನ್ನೂ ಜಪಾನೀಯರನ್ನೂ ನಮ್ಮವರನ್ನೂ ಹೊರಗಿಡಲೆಂದು ನಡೆದ ಶಾಸನರಚನೆಯ ಕಾಲವದು. ಹಕ್ಕನ್ನು ತುಳಿದ ಕಾಲದ ದಾಖಲೆಗಳನ್ನೇ ಸಾಕ್ಷಿಗೆ ಕರೆದು, ಹಕ್ಕು ಇರಲಿಲ್ಲವೆಂದು ನಿರ್ಣಯಿಸುವುದು ಇತಿಹಾಸದ ಉಪಯೋಗವಲ್ಲ. ೧೮೭೫ಕ್ಕೆ ಹಿಂದೆ ಸಂಯುಕ್ತ ಸರ್ಕಾರವು ವಲಸೆಯನ್ನು ನಿರ್ಬಂಧಿಸಿದ್ದೇ ಅತ್ಯಲ್ಪ. ಪ್ರಜೆಯ ಪತ್ನಿ ಬಂದಿಳಿದರೆ ತಡೆಯುವ ಕಾನೂನೇ ಇರಲಿಲ್ಲ. ಕೇಳುವವರಿಲ್ಲದ ಕಾಲದಲ್ಲಿ ಹಕ್ಕನ್ನು ಯಾರೂ ಬರೆದಿಡುವುದಿಲ್ಲ. ಇನ್ನೊಂದು ಆಕ್ಷೇಪವೂ ಉಂಟು. ವಾದಿಯು ಕೇಳಿದುದು ಪತಿಗೆ ವೀಸಾ ಕೊಡಿಸಬೇಕೆಂದಲ್ಲ, ಏಕೆ ಕೊಡಲಿಲ್ಲವೆಂಬುದನ್ನು ಉತ್ತರಿಸಲು ಸಾಧ್ಯವಾಗುವಷ್ಟು ವಿವರವಾಗಿ, ಸಕಾಲದಲ್ಲಿ ಹೇಳಬೇಕೆಂದು. ಇದು ಚಿಕ್ಕ ಬೇಡಿಕೆ. ನ್ಯಾಯಾಲಯವು ಅದನ್ನು ದೊಡ್ಡ ಬೇಡಿಕೆಯಾಗಿ ಹಿಗ್ಗಿಸಿ, ಆಮೇಲೆ ದೊಡ್ಡದೆಂಬ ಕಾರಣದಿಂದ ತಿರಸ್ಕರಿಸಿತು.

ಚಿಕ್ಕ ಪ್ರಶ್ನೆಯನ್ನು ಚಿಕ್ಕದಾಗಿಯೇ ವಿಚಾರಿಸಬಹುದೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಅದರ ನಾಯಿಕೆ ಮುಂಬಯಿಯಿಂದ ಹೋದವರು. ೧೯೭೧ರ ವಲಸೆ ಶಾಸನದ ಪ್ರಕಾರ ಬ್ರಿಟನ್ನಿನ ಪ್ರಜೆಯಾದ ಪತಿಯೊಡನೆ ಅಲ್ಲಿ ನೆಲಸುವ ಹಕ್ಕು ಫನ್ಸೋಪ್ಕರ್ ಎಂಬ ಈ ಗೃಹಿಣಿಗಿತ್ತು; ಅದನ್ನು ರುಜುವಾತುಪಡಿಸಲು ಒಂದು ಪ್ರಮಾಣಪತ್ರ ಬೇಕಾಗಿತ್ತು. ಮುಂಬಯಿಯಲ್ಲಿ ಅದಕ್ಕಾಗಿ ಸಂದರ್ಶನಕ್ಕೆ ಒಂದು ವರ್ಷಕ್ಕೂ ಮೀರಿ ಕಾಯಬೇಕು. ಆಕೆ ಪತ್ರವಿಲ್ಲದೆಯೇ ಲಂಡನ್ನಿಗೆ ಹೋದಾಗ, ಹಿಂದಿರುಗಿ ಸರದಿಯಲ್ಲಿ ನಿಲ್ಲಬೇಕೆಂದು ಗೃಹ ಇಲಾಖೆ ಹೇಳಿತು. ೧೯೭೫ರಲ್ಲಿ ಅಪೀಲು ನ್ಯಾಯಾಲಯವು ಆಕೆಯ ಅರ್ಜಿಯನ್ನು ಲಂಡನ್ನಿನಲ್ಲಿಯೇ ಪರಿಶೀಲಿಸಬೇಕೆಂದು ಇಲಾಖೆಗೆ ಆಜ್ಞಾಪಿಸಿತು. ನ್ಯಾಯವನ್ನು ನಿರಾಕರಿಸುವುದಿಲ್ಲ, ವಿಳಂಬಿಸುವುದೂ ಇಲ್ಲವೆಂದು ೧೨೧೫ರ ಮಹಾಸನ್ನದಿನಲ್ಲಿ ಅರಸನು ಕೊಟ್ಟ ವಚನವನ್ನೂ, ಕುಟುಂಬ ಜೀವನವನ್ನು ಗೌರವಿಸಬೇಕೆನ್ನುವ ಯೂರೋಪಿನ ಮಾನವ ಹಕ್ಕುಗಳ ಒಪ್ಪಂದವನ್ನೂ ನ್ಯಾಯಮೂರ್ತಿ ಸ್ಕಾರ್ಮನ್ ನೆನೆದರು. ಅದರಿಂದ ಗಡಿಯೇನೂ ಕುಸಿಯಲಿಲ್ಲ. ಒಂದು ಕಡತವನ್ನು ಬೇಗ ನೋಡಬೇಕಾಯಿತು, ಅಷ್ಟೆ.

ಹಾಗೆಂದು ಬ್ರಿಟನ್ನನ್ನು ಆದರ್ಶವೆಂದು ಎತ್ತಿ ಹಿಡಿಯುವುದು ಸಲ್ಲದು. ಅಲ್ಲಿನ ವಿಮಾನನಿಲ್ದಾಣದಲ್ಲಿ ೧೯೭೯ರಲ್ಲಿ ನಮ್ಮ ದೇಶದ ಸ್ತ್ರೀಯೊಬ್ಬರ ಮೇಲೆ ನಡೆದ ಕನ್ಯತ್ವ ಪರೀಕ್ಷೆಯ ಅಪಮಾನವು ಮರೆಯುವಂತಹದಲ್ಲ. ಮದುವೆಯ ಮುಖ್ಯ ಉದ್ದೇಶ ವಲಸೆಯಲ್ಲವೆಂದು ದಂಪತಿಗಳೇ ಸಾಧಿಸಬೇಕೆಂಬ ನಿಯಮವು ೧೯೯೭ರವರೆಗೂ ಅನೇಕ ಭಾರತೀಯ ಕುಟುಂಬಗಳನ್ನು ಕಾಡಿತು. ೧೯೮೫ರ ಮೇ ೨೮ರಂದು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯವು ಅಬ್ದುಲ್ ಅಜೀಜ್ ಮತ್ತಿತರರ ಮೊಕದ್ದಮೆಯಲ್ಲಿ, ಪುರುಷರಿಗೆ ಪತ್ನಿಯರನ್ನು ಕರೆಸಲು ಇರುವ ಸೌಲಭ್ಯ ಸ್ತ್ರೀಯರಿಗೆ ಪತಿಯರನ್ನು ಕರೆಸಲು ಇಲ್ಲದಿರುವುದು ಲಿಂಗಭೇದವೆಂದು ತೀರ್ಮಾನಿಸಿತು. ಬ್ರಿಟಿಷ್ ಸರ್ಕಾರ ಕೂಡಲೇ ಸಮಾನತೆಯನ್ನು ತಂದಿತು, ಪತ್ನಿಯರಿಗೂ ಪತಿಯರಷ್ಟೇ ಕಷ್ಟದ ನಿಯಮಗಳನ್ನು ವಿಧಿಸಿ! ಮೊಕದ್ದಮೆಯಲ್ಲಿ ಗೆದ್ದವರು ಇಂತಹ ಫಲವನ್ನು ನಿರೀಕ್ಷಿಸಿರಲಾರರು.

ಆದರೂ ವಿಚಾರಣೆಯ ಕ್ರಮದಲ್ಲಿ ಭೇದ ಕಾಣುತ್ತದೆ. ಬಲವಂತದ ಮದುವೆಗಳನ್ನು ತಡೆಯಲೆಂದು ೨೦೦೮ರಲ್ಲಿ ಸಂಗಾತಿಗಳ ಕನಿಷ್ಠ ವಯಸ್ಸನ್ನು ೧೮ರಿಂದ ೨೧ಕ್ಕೆ ಏರಿಸಲಾಯಿತು. ೨೦೧೧ರ ಕ್ವಿಲಾ ಮೊಕದ್ದಮೆಯಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ಸರ್ಕಾರವನ್ನು ನೇರವಾಗಿ ಕೇಳಿತು: ಈ ನಿಯಮದಿಂದ ಎಷ್ಟು ಬಲವಂತದ ಮದುವೆಗಳು ತಪ್ಪಿವೆ, ಸ್ವಇಚ್ಛೆಯಿಂದ ಮದುವೆಯಾದ ಎಷ್ಟು ದಂಪತಿಗಳು ಬೇರೆಯಾಗಿದ್ದಾರೆ? ತೃಪ್ತಿಕರವಾದ ಉತ್ತರವಿರಲಿಲ್ಲ, ಆ ದಂಪತಿಗಳಿಗೆ ನಿಯಮವನ್ನು ಅನ್ವಯಿಸಿದ್ದು ತಪ್ಪೆಂದು ನಾಲ್ವರು, ಸರಿಯೆಂದು ಒಬ್ಬರು. ೨೦೧೨ರಲ್ಲಿ ವಿಧಿಸಿದ ೧೮,೬೦೦ ಪೌಂಡುಗಳ ಕನಿಷ್ಠ ವರಮಾನದ ನಿಯಮವನ್ನಾದರೋ ಅದೇ ನ್ಯಾಯಾಲಯವು ೨೦೧೭ರಲ್ಲಿ ತತ್ತ್ವತಃ ಒಪ್ಪಿತು; ಮಕ್ಕಳ ಹಿತವನ್ನು ಗಣಿಸದ ಅಂಶವನ್ನಷ್ಟೇ ತಪ್ಪೆಂದಿತು. ಆ ಮೊತ್ತವನ್ನು ೨೦೨೪ರ ಏಪ್ರಿಲಿನಲ್ಲಿ ೨೯,೦೦೦ಕ್ಕೆ ಏರಿಸಿದರು. ಪುನರ್ವಿಮರ್ಶೆಯುಳ್ಳ ದೇಶದಲ್ಲಿಯೂ ಸರ್ಕಾರವು ಸೋಲುವುದಕ್ಕಿಂತ ಗೆಲ್ಲುವುದೇ ಹೆಚ್ಚೆಂಬುದನ್ನು ಇದರಿಂದ ತಿಳಿಯಬಹುದು. ಸೋಲಲಿ ಗೆಲ್ಲಲಿ, ಕಾರಣವನ್ನು ಬಹಿರಂಗವಾಗಿ ಹೇಳಿ ಸಮರ್ಥಿಸಬೇಕಾಗುತ್ತದೆ.

ನಮ್ಮ ದೇಶದ ಸ್ಥಿತಿಯ ಬಗ್ಗೆಯೂ ಎರಡು ಮಾತು. ಪರದೇಶೀಯರನ್ನು ಹೊರಹಾಕುವ ಸರ್ಕಾರದ ಅಧಿಕಾರ ಅನಿರ್ಬಂಧಿತವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಹಾನ್ಸ್ ಮುಲ್ಲರ್ ಮೊಕದ್ದಮೆಯಲ್ಲಿ ೧೯೫೫ರಷ್ಟು ಹಿಂದೆಯೇ ಹೇಳಿದೆ. ಆದ್ದರಿಂದ ಅಮೆರಿಕವನ್ನು ದೂರುವಾಗ ನಾವು ಸ್ವಲ್ಪ ಸಂಕೋಚಪಡಬೇಕು. ಸ್ವಪ್ರಜೆಯ ವಿಷಯದಲ್ಲಿ ಮಾತ್ರ ನಮ್ಮ ನ್ಯಾಯಾಲಯದ ದೃಷ್ಟಿ ಉದಾರವಾದುದು. ಸಾರ್ವಜನಿಕ ಹಿತವೆಂಬ ಒಂದೇ ಮಾತನ್ನು ಹೇಳಿ, ವಿವರವಾದ ಕಾರಣವನ್ನು ಕೊಡದೆ ರಹದಾರಿಯನ್ನು ವಶಪಡಿಸಿಕೊಂಡ ಸಂದರ್ಭದಲ್ಲಿ, ಕಾನೂನು ವಿಧಿಸಿದ ಕ್ರಮವೆಂದರೆ ಯಾವುದಾದರೊಂದು ಕ್ರಮವಲ್ಲ, ಅದು ನ್ಯಾಯವೂ ಯುಕ್ತವೂ ಆಗಿರಬೇಕೆಂದು ೧೯೭೮ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ತೀರ್ಪಾಯಿತು. ೧೯೫೦ರಲ್ಲಿ ಮಿಂಟನ್ ಅವರು ಹೇಳಿದುದಕ್ಕೆ ಇದು ನೇರವಾದ ವಿರೋಧ.

ಇನ್ನು ಆ ವಿದ್ಯಾರ್ಥಿನಿಗೆ ಕೊಡಬೇಕಾದ ವ್ಯಾವಹಾರಿಕ ಉತ್ತರ ಉಳಿದಿದೆ. ಅಮೆರಿಕದ ಕಾನ್ಸಲನು ವಲಸೆ ವೀಸಾವನ್ನು ನಿರಾಕರಿಸಿದಲ್ಲಿ, ಅದನ್ನು ಕಚೇರಿಯ ಮೇಲಧಿಕಾರಿಯೊಬ್ಬನು ಪರಿಶೀಲಿಸಬೇಕೆಂಬ ಆಡಳಿತ ನಿಯಮವುಂಟು. ನಿರಾಕರಣೆಯ ದಿನದಿಂದ ಒಂದು ವರ್ಷದೊಳಗೆ, ಆಕ್ಷೇಪವನ್ನು ನಿವಾರಿಸುವ ಹೊಸ ಆಧಾರಗಳನ್ನು ಒದಗಿಸಿದರೆ ಅದೇ ಅರ್ಜಿಯನ್ನು ಮತ್ತೆ ನೋಡುತ್ತಾರೆ. ಕೆಲವು ಬಗೆಯ ಅನರ್ಹತೆಗಳಿಗೆ ವಿನಾಯಿತಿಯನ್ನು ಬೇಡಬಹುದು. ತೀರ್ಮಾನವನ್ನೇ ಮಾಡದೆ ವರ್ಷಗಟ್ಟಲೆ ಇರಿಸಿಕೊಂಡಲ್ಲಿ, ವಿಳಂಬದ ವಿರುದ್ಧ ಅರ್ಜಿಯನ್ನು ಕೆಲವು ಕೆಳ ನ್ಯಾಯಾಲಯಗಳು ವಿಚಾರಿಸಿವೆ, ಕೆಲವು ತಿರಸ್ಕರಿಸಿವೆ. ಆಧಾರವೇನೆಂದು ತಿಳಿಸದಿರುವಾಗ ಯಾವ ಹೊಸ ಆಧಾರವನ್ನು ಒದಗಿಸಬೇಕು ಎಂದು ಆಕೆ ಕೇಳಿದಳು. ಮೂನ್ಯೋಸ್ ದಂಪತಿಗಳಂತೆ ಊಹಿಸಿ ಒದಗಿಸಬೇಕು ಎಂದೆನು.